ಕೊಡಿ ಆ ಟಿವಿ

ಚಿಕ್ಕತಾಯಮ್ಮ ಬೆಡ್‌ಶೀಟನ್ನು ಕಲ್ಲಿನ ಮೇಲೆ ಹಾಕಿ ಬಡಿಯುತ್ತಿದ್ದಳು. ಅದು ಐದನೆಯದು. ಇನ್ನೂ ಮೂರು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಮನೆಯೊಳಗೆ ಬಟ್ಟೆ ಒಗೆಯುವ ಮಷೀನು ಇತ್ತು. ಅದು ಮನೆಯವರು ಮೈಗೆ ತೊಡುವ ಬಟ್ಟೆಗೆ ಮಾತ್ರ. ಹಾಸುವುದು, ಹೊದೆಯುವುದು, ಕಾಲೊರೆಸುವುದು, ಕಿಟಕಿಗೆ ಇಳಿಬಿಡುವುದು ಎಲ್ಲ ಚಿಕ್ಕತಾಯಮ್ಮನ ರಟ್ಟೆಯ ಪಾಲು. ಅರವತ್ತನಾಲ್ಕು ವರ್ಷದ ರಟ್ಟೆ. ಯಾರೋ ಎಸೆದಿದ್ದ ಹಳೆಯ ಕ್ರಿಕೆಟ್ ಬ್ಯಾಟನ್ನು ಅವಳು ಬಟ್ಟೆ ಬಡಿಯಲು ಎತ್ತಿಟ್ಟುಕೊಂಡಿದ್ದಳು. ಒಂದೊಂದು ಏಟಿಗೂ ಸೋಪಿನ ನೀರು ಮುಖಕ್ಕೆ ಹಾರುತ್ತಿತ್ತು.

ಆಗ ಹಿತ್ತಿಲ ದಾರಿಯಲ್ಲಿ ಮೂವರು ಗಂಡಸರು ಬಂದರು. ಇಬ್ಬರು ಕಾವಲಿನ ಅಸ್ಕಾರಿಗಳು. ಅವರ ಸೊಂಟದಲ್ಲಿ ರುಂಗು, ತುದಿಗೆ ಗಂಟಿರುವ ಗಟ್ಟಿ ದೊಣ್ಣೆ. ಮೂರನೆಯವನು ಅವರ ಸೂಪರ್‌ವೈಸರು. ಅವನು ಕೆಲಸದವರ ಕೋಣೆಗಳ ಸಾಲನ್ನು ನೋಡಿ ಗಟ್ಟಿಯಾಗಿ ಕೂಗಿದ.

"ಕೊಡಿ ಯಾ ಟಿವಿ!"

ಚಿಕ್ಕತಾಯಮ್ಮನ ಕೈ ನಿಂತಿತು.

ಅವಳು ನೈರೋಬಿಗೆ ಬಂದು ಮೂರು ತಿಂಗಳಾಗಿತ್ತು. ನಂಜನಗೂಡಿನ ಕಡೆಯ ಒಂದು ಕೇರಿಯಿಂದ ಮೈಸೂರಿಗೆ, ಮೈಸೂರಿನಿಂದ ಈ ಲೊರೆಶೋ ಬಡಾವಣೆಗೆ. ಔಷಧಿ ಫ್ಯಾಕ್ಟರಿಯ ಮ್ಯಾನೇಜರ್ ದತ್ತಾತ್ರೇಯ, ಅವನ ಹೆಂಡತಿ ಕಾತ್ಯಾಯಿನಿ ತಮ್ಮ ಮಗಳು ಸಾನ್ವಿಯನ್ನು ನೋಡಿಕೊಳ್ಳಲು ಅವಳನ್ನು ಕರೆತಂದಿದ್ದರು. ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅವಳಿಗೆ ಇನ್ನೂ ಹತ್ತು ಮಾತು ಬರುತ್ತಿರಲಿಲ್ಲ. ಕಿವಿ ಕನ್ನಡದ್ದೇ. ಆ ಕಿವಿಗೆ ಬಿದ್ದದ್ದು ಇಷ್ಟು. ಕೊಡಿ ಆ ಟಿವಿ.

ಕೊಡಿ.

ಕೊಡು ಅಲ್ಲ. ಕೊಡೇ ಅಲ್ಲ. ಕೊಡಿ.

ಹುಟ್ಟಿದಾಗಿನಿಂದ ಯೂನಿಫಾರಂ ತೊಟ್ಟ ಯಾವ ಗಂಡಸೂ ಅವಳಿಗೆ ಬಹುವಚನ ಕೊಟ್ಟಿರಲಿಲ್ಲ. ಬಸ್ ಕಂಡಕ್ಟರು ಇಳಿಯೇ ಅಂದಿದ್ದ. ಠಾಣೆಯ ಪೇದೆ ಏನೇ ನಿಂದು ಅಂದಿದ್ದ. ಕೆಲಸದ ಮನೆಯಲ್ಲೂ ಅಷ್ಟೆ. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ದತ್ತಾತ್ರೇಯನ ಬಾಯಲ್ಲಿ ಅವಳು ನೀನು. ಅವಳ ಬಾಯಲ್ಲಿ ಅವನು ಬುದ್ಧಿ. ಈಗ ಈ ಪರದೇಶದಲ್ಲಿ, ದೊಣ್ಣೆ ಇಟ್ಟುಕೊಂಡವರ ಮೇಲಿನವನು ಕೊಡಿ ಅಂದ.

"ಬಂದೆ ಸ್ವಾಮಿ, ಒಂದ್ ಗಳಿಗೆ ಇರಿ" ಎಂದು ಸೆರಗಿಗೆ ಕೈ ಒರೆಸಿಕೊಂಡಳು.

ಅವಳ ಕೋಣೆಯಲ್ಲಿ ಟಿವಿ ಇರಲಿಲ್ಲ. ಇದ್ದದ್ದು ಪಕ್ಕದ ಕೋಣೆಯ ನೆಕೇಸಾಳ ಹತ್ತಿರ. ನೆಕೇಸಾ ಪಕ್ಕದ ಬಂಗಲೆಯ ಕೆಲಸದವಳು. ಎರಡೂ ಬಂಗಲೆಗಳ ಕೆಲಸದವರ ಕೋಣೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವು. ಬೆಳಿಗ್ಗೆ ಹೋಗುವಾಗ ಅವಳು ಬೀಗದ ಕೈಯನ್ನು ಚಿಕ್ಕತಾಯಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದಳು. ಹೋದ ವಾರವಷ್ಟೇ ಆ ಟಿವಿಯಲ್ಲಿ ಚಿತ್ರ ಬಾರದೆ ನೆಕೇಸಾ ಅದರ ನೆತ್ತಿಗೆ ಗುದ್ದಿ ಬೈದಿದ್ದಳು. ರಿಪೇರಿಯವರು ಬಂದಿದ್ದಾರೆ ಎಂದುಕೊಂಡಳು ಚಿಕ್ಕತಾಯಮ್ಮ. ಬೀಗ ತೆಗೆದಳು. ವಯರು ಕಿತ್ತಳು. ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ತಂದು ಒಪ್ಪಿಸಿದಳು.

"ತಗೊಳ್ಳಿ ಸ್ವಾಮಿ. ಜ್ವಾಪಾನ."

ಮೂವರೂ ಮುಖ ಮುಖ ನೋಡಿಕೊಂಡರು. ಸೂಪರ್‌ವೈಸರು ಮೊಣಕಾಲು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕ. "ಅಸಾಂಟೆ, ಮಾಮಾ" ಅಂದ. ಅದು ಅವಳಿಗೆ ಗೊತ್ತಿದ್ದ ಮಾತು. ಥ್ಯಾಂಕ್ಸ್ ಅಂತ. ಅವಳೂ ನಕ್ಕಳು. ಉಳಿದ ಮೂರು ಬೆಡ್‌ಶೀಟು ಅವಳಿಗೆ ಭಾರ ಅನ್ನಿಸಲಿಲ್ಲ.

ನಾಲ್ಕು ಗಂಟೆಗೆ ನೆಕೇಸಾ ಬಂದಳು. ಖಾಲಿ ಮೂಲೆ ನೋಡಿದಳು. ಅವರಿಬ್ಬರ ನಡುವೆ ಒಂದು ಮುರುಕು ಭಾಷೆ ಇತ್ತು. ಸ್ವಲ್ಪ ಇಂಗ್ಲಿಷು, ಸ್ವಲ್ಪ ಕನ್ನಡ, ಮಿಕ್ಕಿದ್ದು ಕೈಸನ್ನೆ.

"ಮಾಮಾ, ನನ್ನ ಟಿವಿ?"

"ರಿಪೇರಿಯವ್ರು ಬಂದಿದ್ರು ಕಣವ್ವ. ಕೊಟ್ಟೆ. ಮರ್ಯಾದಸ್ತರು. ಕೊಡಿ ಅಂದ್ರು."

ನೆಕೇಸಾ ಹೊಡೆದಳು. ಬಟ್ಟೆ ಹಿಂಡುವ ಕೈ, ಆಳು ಮೈಯ ಏಟು. ಚಿಕ್ಕತಾಯಮ್ಮನ ಕಿವಿಯ ಓಲೆ ಕಳಚಿ ಬಚ್ಚಲ ತೂತಿಗೆ ಬಿತ್ತು. ಬಾಯಲ್ಲಿ ಉಪ್ಪು ಉಪ್ಪು.

"ಕೋಡಿ ಅಂದ್ರೆ ತೆರಿಗೆ! ಟ್ಯಾಕ್ಸ್! ಕೋಡಿ ಯಾ ಟಿವಿ, ಟಿವಿ ತೆರಿಗೆ! ಅವರು ದುಡ್ಡು ಕೇಳಿದರೆ ನೀನು ಟಿವಿ ಕೊಟ್ಟೆಯಾ, ಮುದುಕಿ?"

ಚಿಕ್ಕತಾಯಮ್ಮ ಗೋಡೆ ಹಿಡಿದುಕೊಂಡಳು. ಏಟಿಗಿಂತ ಆ ಮಾತು ಕೆಟ್ಟದಾಗಿ ಬಡಿಯಿತು. ಹಾಗಾದರೆ ಅವನು ಕೊಡಿ ಅಂದದ್ದು ಅವಳಿಗಲ್ಲ. ಅದು ಮರ್ಯಾದೆಯೇ ಅಲ್ಲ.

ತೆರಿಗೆ ಸರ್ಕಾರದ್ದಲ್ಲ. ಆ ಗೇಟಿನೊಳಗಿನ ಹದಿನೆಂಟು ಬಂಗಲೆಗಳ ಸಂಘದ್ದು. ಸಂಘದ ಕಾರ್ಯದರ್ಶಿ ದತ್ತಾತ್ರೇಯ. ಹೊಸ ವರ್ಷಕ್ಕೆ ಅವನೇ ನಿಯಮ ಮಾಡಿದ್ದ. ಗೇಟಿಗೆ, ದಾರಿಗೆ, ಹಿತ್ತಿಲಿಗೆ ಕ್ಯಾಮೆರಾ. ಅವುಗಳ ಚಿತ್ರ ಒಂದನೇ ನಂಬರಿನ ಚಾನೆಲ್ಲಿನಲ್ಲಿ ಹದಿನೆಂಟು ಮನೆಯ ಟಿವಿಗೂ ಬರುತ್ತದೆ. ಅದಕ್ಕೇ ಈ ತೆರಿಗೆ, ಹೆಸರು ಟಿವಿ ಲೈಸೆನ್ಸು. ಬಲ್ಬು ಉರಿಯುವ ಪ್ರತಿ ಕೋಣೆಯೂ ತಿಂಗಳು ತಿಂಗಳು ಕಟ್ಟಬೇಕು. ಕೆಲಸದವರ ಕೋಣೆಯೂ ಸೇರಿ. ಟಿವಿ ಇರಲಿ, ಇಲ್ಲದಿರಲಿ. ಎಲ್ಲರ ಸಂಬಳದಲ್ಲೂ ಮುರಿದುಕೊಂಡರು. ನೆಕೇಸಾ ಒಬ್ಬಳು ಒಪ್ಪಲಿಲ್ಲ. ನನ್ನ ಟಿವಿ ನಾನು ಕೊಂಡದ್ದು, ಸೂರಿನ ಮೇಲಿನ ಆಂಟೆನಾ ನನ್ನದು, ನಿಮ್ಮ ಚಾನೆಲ್ಲು ನನಗೆ ಬರುವುದೂ ಇಲ್ಲ, ಯಾತಕ್ಕೆ ಕಟ್ಟಲಿ ಎಂದು ಸಂಬಳದ ಚೀಟಿಯನ್ನು ವಾಪಸು ಎಸೆದಿದ್ದಳು.

ಅವಳು ಗೇಟಿಗೆ ಓಡಿದಳು. ಚಿಕ್ಕತಾಯಮ್ಮ ಹಿಂದೆ ಹಿಂದೆ.

ಟಿವಿ ಕಾವಲು ಕೋಣೆಯ ಬೆಂಚಿನ ಮೇಲಿತ್ತು. ನೆಕೇಸಾ ಒಂದು ಮಾತೂ ಆಡದೆ ಅದನ್ನು ಎತ್ತಿಕೊಂಡಳು. ಸೂಪರ್‌ವೈಸರು ವಯರು ಹಿಡಿದು ಎಳೆದ. ಅವಳು ಬಿಡಲಿಲ್ಲ. ಅವನು ಕೈಸನ್ನೆ ಮಾಡಿದ. ಅಸ್ಕಾರಿಗಳಲ್ಲಿ ಚಿಕ್ಕವನು ರುಂಗು ಎತ್ತಿ ಅವಳ ಮೊಳಕೈಗೆ ಇಳಿಸಿದ. ಹಸಿ ಕಬ್ಬು ಮುರಿದ ಸದ್ದು ಬಂತು. ಟಿವಿ ಕೆಳಗೆ ಬಿದ್ದು ಗಾಜು ಬಿರಿಯಿತು. ನೆಕೇಸಾ ಇನ್ನೊಂದು ಕೈಯಿಂದ ಅವನ ಮುಖ ಪರಚಿದಳು. ಎರಡನೆಯ ಏಟು ಭುಜಕ್ಕೆ. ಮೂರನೆಯದು ಕಣ್ಣಿಗೆ. ಆಮೇಲೆ ಎಣಿಕೆ ತಪ್ಪಿತು. ಬಿದ್ದವಳ ಹೊಟ್ಟೆಗೆ ಸೂಪರ್‌ವೈಸರು ಬೂಟುಗಾಲಿನಿಂದ ಒದೆಯುತ್ತಿದ್ದ. ಒದೆಯುವಾಗ ಅವನ ಕೈಯಲ್ಲಿದ್ದ ತೆರಿಗೆ ಲೆಕ್ಕ ಬರೆಯುವ ಹಲಗೆ ಅಲ್ಲಾಡಲಿಲ್ಲ. ಅಷ್ಟು ನಿಧಾನವಾಗಿ ಒದೆಯುತ್ತಿದ್ದ. ಇನ್ನೊಬ್ಬ ಅಸ್ಕಾರಿ, ವಯಸ್ಸಾದ ಮುಸ್ಯೊಕಾ, ಗೇಟಿನ ಕಂಬ ಹಿಡಿದು ನಿಂತಿದ್ದ. ಅವನು ಹೊಡೆಯಲಿಲ್ಲ. ತಡೆಯಲೂ ಇಲ್ಲ.

"ಬುಡ್ರೋ! ಸತ್ತೋಯ್ತಾಳೆ ಬುಡ್ರೋ!" ಎಂದು ಚಿಕ್ಕತಾಯಮ್ಮ ಅಡ್ಡ ಬಿದ್ದಳು. ಅವಳ ಬೆನ್ನಿಗೂ ಒಂದು ಬಿತ್ತು.

ಆಗ ದತ್ತಾತ್ರೇಯನ ಕಾರು ಬಂದು ನಿಂತಿತು. ಕಿಟಕಿ ಅರ್ಧ ಇಳಿಯಿತು. ಉಸಿರು ಬಂತು ಅಂದುಕೊಂಡಳು ಚಿಕ್ಕತಾಯಮ್ಮ. ಅವನು ನೆಲದ ಮೇಲಿದ್ದವಳನ್ನು ನೋಡಿದ, ಒಡೆದ ಟಿವಿ ನೋಡಿದ, ವಾಚು ನೋಡಿದ.

"ಫಿನಿಶ್ ಇಟ್. ಕ್ಲಿಯರ್ ದ ರೋಡ್" ಎಂದು ಸೂಪರ್‌ವೈಸರನಿಗೆ ಇಂಗ್ಲಿಷಿನಲ್ಲಿ ಹೇಳಿದ. ಚಿಕ್ಕತಾಯಮ್ಮನ ಕಡೆ ತಿರುಗಿದ. "ನೀನು ಒಳಗೆ ನಡಿ. ನೀನೇನೂ ನೋಡಿಲ್ಲ. ಗೊತ್ತಾಯ್ತಾ?"

ಕಿಟಕಿ ಏರಿತು.

ಮನೆಯೊಳಗೆ ಸಾನ್ವಿ ಸೋಫಾದ ಹಿಂದೆ ಅವಿತು ಕೂತಿತ್ತು. ಎಂಟು ವರ್ಷದ ಮಗು. ದೊಡ್ಡ ಟಿವಿಯಲ್ಲಿ ಒಂದನೇ ಚಾನೆಲ್ಲು ಓಡುತ್ತಿತ್ತು. ಗೇಟು, ಬೆಂಚು, ನೆಲದ ಮೇಲೆ ಒಂದು ಮೈ.

"ಚಿಕ್ಕಿ, ಐ ಸಾ ಇಟ್. ದೇ ಹಿಟ್ ನೆಕೇಸಾ."

"ಸಾನ್ವಿ, ಶಟ್ ಅಪ್" ಎಂದಳು ಕಾತ್ಯಾಯಿನಿ. ಟಿವಿ ಆರಿಸಿದಳು. ಹದಿನೆಂಟು ಮನೆಗೂ ಅದೇ ಚಾನೆಲ್ಲು ಬರುತ್ತಿತ್ತು. ಹದಿನೆಂಟು ಮನೆಯಿಂದ ಒಬ್ಬರೂ ಹೊರಗೆ ಬರಲಿಲ್ಲ.

ನೆಕೇಸಾಳನ್ನು ಮಟಾಟು ಅನ್ನುವ ಇಲ್ಲಿನ ಮಿನಿ ಬಸ್ಸಿಗೆ ಹತ್ತಿಸಿ ಹರ್ಲಿಂಗ್‌ಹ್ಯಾಮಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದವಳು ಚಿಕ್ಕತಾಯಮ್ಮ. ಬಸ್ಸಿನ ತುಂಬ ಜನ. ನೆಕೇಸಾಳ ತಲೆ ಅವಳ ತೊಡೆಯ ಮೇಲೆ. ಸೀರೆಯ ನೆರಿಗೆಗೆಲ್ಲ ರಕ್ತ. ಅಲ್ಲಿನ ಡಾಕ್ಟರು ಶೆರಿಲ್, ಮಂಗಳೂರಿನ ಕಡೆಯವರು. ಸೀರೆ ಉಟ್ಟ ರೀತಿ ನೋಡಿಯೇ ಕನ್ನಡದಲ್ಲಿ ಮಾತಾಡಿಸಿದರು. ಕೈಯ ಮೂಳೆ ಎರಡು ಕಡೆ ಮುರಿದಿದೆ ಎಂದರು. ಎಡಗಣ್ಣು ಹೋಯಿತು ಎಂದರು.

"ನೀವು ನಿಮ್ಮ ಕಣ್ಣಲ್ಲಿ ನೋಡಿದ್ದುಂಟಾ ಅಮ್ಮ?"

"ನೋಡ್ದೆ ಕಣವ್ವ. ಎಲ್ಲಾನೂವೆ."

"ಇದು ಪೊಲೀಸಿಗೆ ಹೋಗ್ತದೆ. ಇವಳಿಗೆ ಸಾಕ್ಷಿ ಬೇಕು. ನಿಮಗೆ ಬರೀಲಿಕ್ಕೆ ಬರ್ತದಾ?"

"ಬತ್ತದೆ. ಕನ್ನಡ ಒಂದೇಯ."

"ಹಾಗಾದ್ರೆ ನೋಡಿದ್ದನ್ನು ಬರೆದು ಕೊಡಿ, ಆಯ್ತಾ? ಇಂಗ್ಲಿಷಿಗೆ ನಾನು ಮಾಡ್ತೇನೆ. ವಕೀಲರಿಗೆ ತಲುಪಿಸೋದು ನನ್ನ ಜವಾಬ್ದಾರಿ."

ಅವರು ತಮ್ಮ ವಿಳಾಸ ಬರೆದ ಒಂದು ಲಕೋಟೆ ಅವಳ ಕೈಗಿತ್ತರು. ಕ್ಲಿನಿಕ್ಕಿನ ಮೇಲೇ ಮನೆ, ಯಾವಾಗ ಕಳಿಸಿದರೂ ನನಗೆ ಸಿಗ್ತದೆ ಎಂದರು.

ದಾರಿಯುದ್ದಕ್ಕೂ ಚಿಕ್ಕತಾಯಮ್ಮನ ಕಿವಿಯಲ್ಲಿ ಒಂದೇ ಮಾತು. ಬರೆದು ಕೊಡಿ. ಈ ಕೊಡಿ ಕನ್ನಡದ್ದು. ಇದರಲ್ಲಿ ತಪ್ಪು ಕೇಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದರೂ ಅವಳಿಗೆ ಆ ಮಾತಿನ ಮೇಲೆ ಹೆದರಿಕೆ ಹುಟ್ಟಿಬಿಟ್ಟಿತ್ತು.

ಅವಳು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಹಗಲು ಗದ್ದೆಯಲ್ಲಿ ಕಳೆ ಕಿತ್ತ ಬೆರಳಲ್ಲೇ ಬಳಪ ಹಿಡಿದಿದ್ದಳು. ಕಂಡದ್ದನ್ನು ಬರೆ, ಕೇಳಿದ್ದನ್ನು ಬರೆಯಬೇಡ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಒಂದು ವಾರ ಕೂತು ಅವಳು ಬರೆದಳು. ಎರಡು ಹಾಳೆ. ಒತ್ತಕ್ಷರ ತಪ್ಪಿದಲ್ಲೆಲ್ಲ ಹೊಡೆದು ಮತ್ತೆ ಬರೆದಳು. ಲಕೋಟೆಗೆ ಹಾಕಿ ರಾಗಿಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಳು.

ಕಳಿಸಲಿಲ್ಲ.

ಸಂಘದವರು ಪೊಲೀಸಿಗೆ ದೂರು ಕೊಟ್ಟಿದ್ದರು. ನೆಕೇಸಾ ಸಂಘದ ಟಿವಿ ಕದಿಯಲು ಬಂದಳು, ಕಾವಲುಗಾರರ ಮೇಲೆ ಬಿದ್ದಳು, ಟಿವಿ ಒಡೆದಳು. ಕ್ಯಾಮೆರಾದ ಚಿತ್ರ ಎಲ್ಲಿ ಎಂದರೆ, ಆ ದಿನ ಕ್ಯಾಮೆರಾ ಕೆಟ್ಟಿತ್ತಂತೆ. ನೆಕೇಸಾಳ ಕೆಲಸ ಹೋಯಿತು, ಕೋಣೆ ಹೋಯಿತು. ಕೇಸು ಅವಳ ಮೇಲೇ ಬಿತ್ತು.

ಕಾತ್ಯಾಯಿನಿ ಮೆತ್ತಗಿನ ಹೆಂಗಸು. ಅವಳು ಬೈಯುತ್ತಿರಲಿಲ್ಲ. ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತಾ ಹೇಳುತ್ತಿದ್ದಳು.

"ನಿನ್ ಪಾಸ್‌ಪೋರ್ಟು ಸಾಹೇಬ್ರ ಬೀರುವಲ್ಲಿ ಸೇಫಾಗಿದೆ ಕಣೇ. ನಿನ್ ಮೊಮ್ಮಗಳು ಮೇಘಾ ನರ್ಸಿಂಗ್ ಮುಗಿಸೋಕೆ ಇನ್ನೆಷ್ಟ್ ದಿನ? ಎರಡು ವರ್ಷ ತಾನೆ? ಸುಮ್ನೆ ಇದ್ಬಿಡು. ಬೇಡದ್ರಲ್ಲಿ ತಲೆ ಹಾಕ್ಬೇಡ."

ಚಿಕ್ಕತಾಯಮ್ಮ ಸುಮ್ಮನಿದ್ದಳು. ಕಾಯುವುದು ಅವಳಿಗೆ ಹೊಸದಲ್ಲ. ಯುಗಾದಿ ಕಳೆಯಲಿ ಅಂದುಕೊಂಡಳು. ಮಳೆ ನಿಲ್ಲಲಿ ಅಂದುಕೊಂಡಳು. ಮೇಘಾಳ ಪರೀಕ್ಷೆ ಮುಗಿಯಲಿ ಅಂದುಕೊಂಡಳು. ಡಬ್ಬಿಯ ಕೆಳಗೆ ಲಕೋಟೆ ಹಳದಿಯಾಯಿತು. ತಿಂಗಳು ತಿಂಗಳು ಟಿವಿ ಲೈಸೆನ್ಸು ಅವಳ ಸಂಬಳದಲ್ಲಿ ಮುರಿಯುತ್ತಲೇ ಹೋಯಿತು.

ಒಂದು ಮಧ್ಯಾಹ್ನ ಅವಳು ನಡುಮನೆ ಒರೆಸುತ್ತಿದ್ದಳು. ಸಾನ್ವಿ ಚಪ್ಪಾಳೆ ತಟ್ಟಿತು. "ಚಿಕ್ಕಿ, ಲುಕ್! ಯುವರ್ ಹೌಸ್ ಈಸ್ ಆನ್ ಟಿವಿ!"

ಚಿಕ್ಕತಾಯಮ್ಮ ತಲೆ ಎತ್ತಿದಳು. ಗೋಡೆಯಷ್ಟು ದೊಡ್ಡ ಟಿವಿಯಲ್ಲಿ ಅವಳ ಕೋಣೆಯ ಬಾಗಿಲು. ಸ್ನಾನಕ್ಕೆ ಹೋಗುವ ತಗಡಿನ ಮರೆ. ಹಗ್ಗದ ಮೇಲೆ ಅವಳ ಲಂಗ, ರವಿಕೆ. ದಿನಾ ಬೆಳಿಗ್ಗೆ ಒದ್ದೆ ಮೈಗೆ ಸೀರೆ ಸುತ್ತಿಕೊಂಡು ಅವಳು ದಾಟುವ ನಾಲ್ಕು ಹೆಜ್ಜೆ ಜಾಗ. ಅಷ್ಟೂ ಹದಿನೆಂಟು ಮನೆಗೆ.

ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು.

"ಅಮ್ಮಾವ್ರೆ, ಇದಕ್ಕೇನಾ ನನ್ ತಾವು ದುಡ್ಡು ಮುರ್ಕತಿರದು?"

"ಸೇಫ್ಟಿಗೆ ಕಣೇ. ನಿಮಗೂ ಒಳ್ಳೇದು ತಾನೆ? ಕಳ್ಳ ಬಂದ್ರೆ ಕಾಣುತ್ತೆ" ಎಂದಳು ಸೋಫಾದಲ್ಲಿದ್ದ ಕಾತ್ಯಾಯಿನಿ.

"ನನ್ ಕೋಣೇಲಿ ಕಳ್ಳ ಏನ್ ಕದ್ದಾನು? ಒಂದ್ ಚಾಪೆ, ಎರಡ್ ಸೀರೆ. ಟಿವಿನೂ ಇಲ್ಲ ನನಗೆ."

"ಇಲ್ದಿದ್ರೂ ಕಟ್ಬೇಕು. ರೂಲ್ ಅಂದ್ರೆ ರೂಲು. ಎಲ್ಲಾರೂ ಸ್ವಲ್ಪ ಸ್ವಲ್ಪ ಹಾಕಿದ್ರೆ ತಾನೆ ನಡೆಯೋದು? ನಾವು ಕಟ್ತಿಲ್ವಾ?"

"ನೀವು ನೋಡೋರು ಕಟ್ತೀರಿ. ನೋಡಿಸ್ಕೊಳೋಳು ನಾನು. ನಾನ್ಯಾಕ್ ಕಟ್ಲಿ ಅವ್ವ? ನನ್ ಲಂಗ ಒಣಗೋದ ನಿಮಗೆ ತೋರ್ಸೋಕೆ ನಾನೇ ಕೂಲಿ ಕೊಡದಾ?"

"ತಲೆಹರಟೆ ಮಾಡ್ಬೇಡ. ಆ ಮೂಲೆ ಒರೆಸು."

ಚಿಕ್ಕತಾಯಮ್ಮ ಮೂಲೆ ಒರೆಸಿದಳು. ಅಂದಿನಿಂದ ಕೋಣೆಯ ಒಳಗೇ ಬಾಗಿಲು ಹಾಕಿಕೊಂಡು ಬಕೆಟ್ಟಿನಲ್ಲಿ ಮೈ ತೊಳೆದುಕೊಳ್ಳತೊಡಗಿದಳು. ಲಂಗವನ್ನು ಹಾಸಿಗೆಯ ಕೆಳಗೆ ಒಣಗಿಸಿದಳು. ಅದು ಒಣಗುತ್ತಿರಲಿಲ್ಲ. ಹಸಿ ಲಂಗವನ್ನೇ ಉಟ್ಟು ತೊಡೆಯ ಸಂದಿಯಲ್ಲಿ ಹುಣ್ಣಾಯಿತು. ಹುಣ್ಣಿನ ಉರಿಯಲ್ಲಿ ಕಾಲು ಅಗಲಿಸಿ ನಡೆಯುವಾಗ ಅವಳಿಗೆ ಡಬ್ಬಿಯ ಕೆಳಗಿನ ಕಾಗದ ನೆನಪಾಗುತ್ತಿತ್ತು.

ನೆಕೇಸಾ ಗೇಟಿನ ಹೊರಗೆ, ರಸ್ತೆಯಾಚೆ, ಕೆಂಡದ ಒಲೆ ಹಾಕಿಕೊಂಡು ಜೋಳದ ತೆನೆ ಸುಡುತ್ತಿದ್ದಳು. ಒಂದೇ ಕೈಯಲ್ಲಿ. ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು. ಸಾನ್ವಿಯನ್ನು ಸ್ಕೂಲ್ ಬಸ್ಸಿಗೆ ಬಿಡಲು ಹೋದಾಗೆಲ್ಲ ಚಿಕ್ಕತಾಯಮ್ಮ ಅವಳ ಮುಂದೆ ಹಾದುಹೋಗಬೇಕು. ನೆಕೇಸಾ ಬೈಯುತ್ತಿರಲಿಲ್ಲ. ಒಂದು ತೆನೆಗೆ ಉಪ್ಪು ಖಾರ ಸವರಿ ಕೈಗಿಡುತ್ತಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಹನ್ನೊಂದು ತಿಂಗಳು ಚಿಕ್ಕತಾಯಮ್ಮ ಆ ತೆನೆ ತಿಂದಳು.

ಫೆಬ್ರುವರಿಯ ಒಂದು ಶನಿವಾರ ನೆಕೇಸಾ ಮೊದಲ ಸಲ ಬಾಯಿ ಬಿಟ್ಟಳು. "ಮಾಮಾ, ಸೋಮವಾರ ಕೋರ್ಟು. ಅವರ ಕಡೆ ನಾಲ್ಕು ಸಾಕ್ಷಿ. ನನ್ನ ಕಡೆ ಯಾರೂ ಇಲ್ಲ. ಜೈಲಿಗೆ ಹೋದರೆ ಈ ಒಲೆ ನೀನು ಇಟ್ಟುಕೋ." ಅಷ್ಟು ಹೇಳಿ ಬೂದಿ ಕೆದಕಿದಳು.

ಭಾನುವಾರ ದತ್ತಾತ್ರೇಯನ ನಡುಮನೆಯಲ್ಲಿ ಸಂಘದ ಸಭೆ. ಟಿವಿ ಲೈಸೆನ್ಸನ್ನು ಏರಿಸುವ ಮಾತು. ಗೇಟಿನ ಹೊಸ ಕ್ಯಾಮೆರಾದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ತೋರಿಸಲು ಒಂದನೇ ಚಾನೆಲ್ಲಿನಲ್ಲಿ ಅದರ ಚಿತ್ರವನ್ನಷ್ಟೇ ಹಾಕಿಟ್ಟಿದ್ದರು. ಚಿಕ್ಕತಾಯಮ್ಮ ಹಿತ್ತಿಲ ಕಲ್ಲಿನ ಬಳಿ ಸಭೆಯ ಕುರ್ಚಿಗಳಿಂದ ತೆಗೆದ ಹಳೆಯ ಬಟ್ಟೆ ಬಡಿಯುತ್ತಿದ್ದಳು.

ದತ್ತಾತ್ರೇಯ ಬಂದ. ಹಿಂದೆ ಸೂಪರ್‌ವೈಸರು. ಅವನ ಕೈಯಲ್ಲಿ ಮನೆಯ ಹಳೆಯ ಟಿವಿ. ಅದನ್ನು ಅವಳ ಕೋಣೆಯ ಮೆಟ್ಟಿಲ ಮೇಲೆ ಇಟ್ಟ.

"ತಗೋ ಚಿಕ್ಕತಾಯಿ. ಒಂದು ವರ್ಷದಿಂದ ಲೈಸೆನ್ಸ್ ಕಟ್ತಿದೀಯ, ಟಿವಿ ಇಲ್ಲ ಅಂತ ಗೊಣಗ್ತೀಯಂತೆ. ಈಗ ನೋಡ್ಕೋ. ಹ್ಯಾಪಿ?"

"ಯಾಕ್ ಬುದ್ಧಿ ಇದೆಲ್ಲ?"

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. ಇನ್ನೊಂದು ಜೇಬಿನಿಂದ ಮಸಿಯ ಪ್ಯಾಡು.

"ಇಲ್ಲೊಂದು ಹೆಬ್ಬೆಟ್ಟು ಒತ್ತು. ಆ ನೆಕೇಸಾ ಟಿವಿ ಕದ್ಲು, ಗಾರ್ಡ್ಸ್ ಮೇಲೆ ಬಿದ್ಲು, ನೀನು ನೋಡ್ದೆ. ಅಷ್ಟೆ. ಜಸ್ಟ್ ಫಾರ್ಮಾಲಿಟಿ."

"ನಾನೇನೂ ನೋಡಿಲ್ಲ ಅಂದಿದ್ರಲ್ಲ ಬುದ್ಧಿ."

"ಈಗ ನೋಡಿದೀಯ."

"ನನಗೆ ಬರೆಯಕ್ ಬತ್ತದೆ. ಹೆಬ್ಬೆಟ್ಟು ಒತ್ತಲ್ಲ."

"ಬರ್ಯಕ್ಕೆ ಬರುತ್ತಾ? ದೊಡ್ಡ ವಿಷಯ. ಹಾಗಾದ್ರೆ ಸೈನ್ ಹಾಕು."

"ಆಯ್ಕಿಲ್ಲ."

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಒಂದು ಕ್ಷಣ ತಿಳಿಯಲಿಲ್ಲ. ದತ್ತಾತ್ರೇಯನ ಮುಖ ಕೆಂಪಾಯಿತು. ಅವನು ಸೂಪರ್‌ವೈಸರನ ಕಡೆ ನೋಡಿದ. ಸೂಪರ್‌ವೈಸರು ಅವಳ ತೋಳನ್ನು ಹಿಂದಿನಿಂದ ತಿರುಚಿ ಹಿಡಿದ. ದತ್ತಾತ್ರೇಯ ಅವಳ ಬಲಗೈ ಎಳೆದು ಪ್ಯಾಡಿನ ಮೇಲೆ ಅದುಮಿದ. ಅವಳು ಮುಷ್ಟಿ ಕಟ್ಟಿದಳು. ಅವನು ಒಂದೊಂದೇ ಬೆರಳು ಬಿಡಿಸಿದ. ಹೆಬ್ಬೆರಳು ಕೊನೆಗೆ ಉಳಿಯಿತು. ಅದನ್ನು ಹಿಂದಕ್ಕೆ ಬಗ್ಗಿಸಿದ. ಬಗ್ಗಿಸುತ್ತಲೇ ಹೋದ. ಬುಡದಲ್ಲಿ ಏನೋ ಲಟಕ್ಕೆಂದಿತು.

ಅವಳ ಕಣ್ಣು ಕತ್ತಲಿಟ್ಟಿತು. ಮಸಿ ಹತ್ತಿದ ಹೆಬ್ಬೆರಳು ಜೋತುಬಿತ್ತು. ಕಾಗದವನ್ನು ಅವನು ಇನ್ನೂ ಅದರ ಕೆಳಗೆ ತಂದಿರಲಿಲ್ಲ.

ಅವಳು ಸೂಪರ್‌ವೈಸರನ ಮಣಿಕಟ್ಟನ್ನು ಕಚ್ಚಿದಳು. ಹಲ್ಲು ಮೂಳೆಗೆ ತಾಗುವವರೆಗೆ ಕಚ್ಚಿದಳು. ಅವನು ಕಿರುಚಿ ಬಿಟ್ಟ. ಎಡಗೈಗೆ ಬ್ಯಾಟು ಸಿಕ್ಕಿತು. ವರ್ಷವಿಡೀ ಅವರ ಹಾಸಿಗೆಯ ಕೊಳೆ ಬಡಿದ ಬ್ಯಾಟು. ಮೊದಲ ಏಟು ದತ್ತಾತ್ರೇಯನ ಮುಂಗೈಗೆ. ಮಸಿಯ ಪ್ಯಾಡು ಹಾರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಎರಡನೆಯ ಏಟು ಮೆಟ್ಟಿಲ ಮೇಲಿನ ಟಿವಿಗೆ. ಮೂರನೆಯದೂ ಅದಕ್ಕೇ. ಗಾಜು ಸಿಡಿದು ಅವಳ ಪಾದಕ್ಕೆ ಚುಚ್ಚಿತು. ಅವಳು ನಿಲ್ಲಿಸಲಿಲ್ಲ. ಡಬ್ಬ ಚಪ್ಪಟೆಯಾಗುವವರೆಗೆ ಬಡಿದಳು.

"ಹುಚ್ಚು ಹಿಡಿದಿದೆಯೇನೇ ನಿಂಗೆ!" ಎಂದು ದತ್ತಾತ್ರೇಯ ಮುಂಗೈ ಹಿಡಿದುಕೊಂಡು ಕಿರುಚಿದ.

"ಕೊಡಿ ನನ್ನ ಪಾಸ್‌ಪೋರ್ಟು, ದತ್ತಾತ್ರೇಯನವರೇ."

ಬುದ್ಧಿ ಎನ್ನಲಿಲ್ಲ. ಅವನು ಹೆಸರು ಕೇಳಿಯೇ ಒಂದು ಹೆಜ್ಜೆ ಹಿಂದೆ ಸರಿದ.

"ಕೊಡಲ್ಲ! ನಾಳೆನೇ ನಿನ್ನ ಪೊಲೀಸಿಗೆ ಒಪ್ಪಿಸ್ತೀನಿ. ನಿನ್ ಮೊಮ್ಮಗಳು ಅಲ್ಲೇ ಬೀದಿಗೆ ಬೀಳ್ತಾಳೆ, ನೋಡ್ತಿರು."

ಮೇಘಾಳ ಮುಖ ಕಣ್ಣ ಮುಂದೆ ಬಂತು. ಬಿಳಿ ಕೋಟು ಹಾಕಿಕೊಂಡು ಕಳಿಸಿದ್ದ ಫೋಟೋ. ಚಿಕ್ಕತಾಯಮ್ಮ ಕೋಣೆಗೆ ಹೋದಳು. ಡಬ್ಬಿ ಎತ್ತಿದಳು. ಲಕೋಟೆ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಬ್ಯಾಟನ್ನು ಕೈಯಲ್ಲೇ ಹಿಡಿದು, ಪಾದದ ರಕ್ತದ ಗುರುತು ಬಿಡುತ್ತಾ, ಹಿತ್ತಿಲ ದಾರಿ ಬಿಟ್ಟು ಮುಂದಿನ ದಾರಿಯಲ್ಲೇ ನಡೆದಳು. ಸೂಪರ್‌ವೈಸರು ಹಿಂದಿನಿಂದ ಓಡಿ ಬಂದು ಅವಳ ಬೆನ್ನಿಗೆ ರುಂಗಿನಲ್ಲಿ ಹೊಡೆದ. ಅವಳು ಮುಗ್ಗರಿಸಿದಳು. ಎದ್ದಳು. ಇನ್ನೊಂದು ಬಿತ್ತು. ಮತ್ತೆ ಎದ್ದಳು.

ಗೇಟಿನಲ್ಲಿ ಮುಸ್ಯೊಕಾ ಇದ್ದ. ಅದೇ ವಯಸ್ಸಾದ ಅಸ್ಕಾರಿ. ಅವನ ಸಂಬಳದಲ್ಲೂ ಟಿವಿ ಲೈಸೆನ್ಸು ಮುರಿಯುತ್ತಿತ್ತು. ಸೂಪರ್‌ವೈಸರು ಮೂರನೆಯ ಸಲ ಕೈ ಎತ್ತಿದಾಗ ಮುಸ್ಯೊಕಾ ನಡುವೆ ಬಂದು ಆ ಕೈ ಹಿಡಿದುಕೊಂಡ. ಬಿಡಲಿಲ್ಲ.

ಚಿಕ್ಕತಾಯಮ್ಮ ತಲೆ ಎತ್ತಿದಳು. ಕಂಬದ ಮೇಲೆ ಕ್ಯಾಮೆರಾ. ಅದರ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಇವತ್ತು ಕೆಟ್ಟಿರಲಿಲ್ಲ. ಇದಕ್ಕೆ ನಾನೂ ಒಂದು ವರ್ಷ ಕಟ್ಟಿದ್ದೇನೆ ಎಂದು ಅವಳಿಗೆ ನೆನಪಾಯಿತು.

ಬ್ಯಾಟು ಕೆಳಗಿಟ್ಟಳು. ಹಾಳೆ ಬಿಡಿಸಿದಳು. ಎರಡೂ ಕೈಯಲ್ಲಿ ಅದನ್ನು ಕ್ಯಾಮೆರಾದ ಮುಖಕ್ಕೆ ನೇರ ಎತ್ತಿ ಹಿಡಿದಳು. ಮುರಿದ ಹೆಬ್ಬೆರಳು ಬೆಂಕಿಯ ಹಾಗೆ ಉರಿಯಿತು. ಕ್ಯಾಮೆರಾಕ್ಕೆ ಕಿವಿ ಇಲ್ಲವೆಂದು ಗೊತ್ತಿದ್ದೂ, ಬರೆದು ಬರೆದು ಬಾಯಿಪಾಠವಾದದ್ದನ್ನು ಗಟ್ಟಿಯಾಗಿ ಹೇಳಿದಳು.

"ನಾನು ಚಿಕ್ಕತಾಯಮ್ಮ. ನಾನು ಕಂಡದ್ದನ್ನು ಬರೆಯುತ್ತೇನೆ. ಟಿವಿ ನೆಕೇಸಾಳದು. ಬೀಗ ತೆಗೆದು ಕೊಟ್ಟವಳು ನಾನು. ತೆರಿಗೆ ಕೇಳಿದ್ದು ನನಗೆ ಕೊಡಿ ಎಂದು ಕೇಳಿಸಿತು. ನೆಕೇಸಾ ಕದಿಯಲಿಲ್ಲ. ಮೊದಲು ಹೊಡೆದವರು ಕಾವಲಿನವರು. ಕೈ ಮುರಿದರು. ಕಣ್ಣು ಒಡೆದರು. ಬಿದ್ದ ಮೇಲೂ ಒದ್ದರು. ದತ್ತಾತ್ರೇಯನವರು ಕಾರಿನಲ್ಲಿ ಬಂದು ನೋಡಿದರು. ಬಿಡಿಸಲಿಲ್ಲ. ನೀನು ನೋಡಿಲ್ಲ ಎಂದು ನನಗೆ ಹೇಳಿದರು. ನಾನು ನೋಡಿದ್ದೇನೆ."

ಮೊದಲ ಹಾಳೆ ಮುಗಿಯಿತು. ಎರಡನೆಯದನ್ನು ಎತ್ತಿ ಹಿಡಿದಳು. ಇಳಿಸಲಿಲ್ಲ.

ದಾರಿಯಲ್ಲಿ ಸಾನ್ವಿ ಓಡಿ ಬಂತು. ಬರಿಗಾಲು. "ಚಿಕ್ಕಿ! ದೇ ಆರ್ ಆಲ್ ರೀಡಿಂಗ್ ಯು! ಬದರೀನಾಥ್ ಅಂಕಲ್ ರೆಡ್ ಇಟ್ ಔಟ್ ಲೌಡ್ ಇನ್ ಇಂಗ್ಲಿಷ್. ಡ್ಯಾಡಿ ರಿಮೋಟ್ ಕೇಳ್ದಾಗ ಅಂಕಲ್ ಕೊಡ್ಲಿಲ್ಲ!"

ಬದರೀನಾಥ ಸಂಘದ ಹಿರಿಯ, ಕನ್ನಡಿಗ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಅಂದು ಹದಿನೆಂಟು ಮನೆಯವರು ನೋಡಿ ಸುಮ್ಮನಿದ್ದಾಗ ಅವನೂ ಸುಮ್ಮನಿದ್ದ. ಇಂದು ಅವನ ಬಾಯಿಂದಲೇ ಅವಳ ಅಕ್ಷರ ಹೊರಟಿತ್ತು. ಅಷ್ಟಕ್ಕೆ ಅವನನ್ನು ಕ್ಷಮಿಸಬೇಕೆಂದು ಚಿಕ್ಕತಾಯಮ್ಮನಿಗೆ ಅನ್ನಿಸಲಿಲ್ಲ.

"ಒಳಗೋಗು ಮಗ, ಕಾಲಿಗೆ ಗಾಜು ಚುಚ್ತದೆ" ಎಂದಳು.

ಹಾಳೆ ಮಡಿಸಿ ಲಕೋಟೆಗೆ ಹಾಕಿದಳು. ಎಂಜಲು ಹಚ್ಚಿ ಅಂಟಿಸಿದಳು. ಮುಸ್ಯೊಕಾ ಒಂದು ಕೈಯಲ್ಲಿ ಸೂಪರ್‌ವೈಸರನನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಚಿಕ್ಕ ಬಾಗಿಲಿನ ಚಿಲಕ ತೆಗೆದ.

ರಸ್ತೆಯಾಚೆ ನೆಕೇಸಾ ಎದ್ದು ನಿಂತಿದ್ದಳು. ತೆನೆ ಕೆಂಡದ ಮೇಲೆ ಕರಿಯಾಗುತ್ತಿತ್ತು. ಅವಳು ಚಿಕ್ಕತಾಯಮ್ಮನ ಬೆರಳು ನೋಡಿದಳು, ಪಾದ ನೋಡಿದಳು.

"ಯಾರು ಮಾಡಿದ್ದು, ಮಾಮಾ?"

"ಆಮ್ಯಾಕೆ ಏಳ್ತೀನಿ. ಮೊದ್ಲು ಇದ ಕಳಿಸು. ಹನ್ನೊಂದು ತಿಂಗಳು ತಡ ಮಾಡ್ಬುಟ್ಟೆ ಕಣವ್ವ. ನನ್ ತಪ್ಪು."

ಒಲೆಯ ಬಳಿ ತೆನೆ ತಿನ್ನುತ್ತಾ ಕೂತಿದ್ದ ಬೋಡಾ ಅನ್ನುವ ಬಾಡಿಗೆ ಬೈಕಿನವನನ್ನು ನೆಕೇಸಾ ಕರೆದಳು. ವಿಳಾಸ ತೋರಿಸಿದಳು. ಹರ್ಲಿಂಗ್‌ಹ್ಯಾಮ್, ಕ್ಲಿನಿಕ್ಕಿನ ಮೇಲಿನ ಮನೆ. ಕೈಯಾರೆ ಡಾಕ್ಟರಿಗೇ ಕೊಡಬೇಕು, ಇವತ್ತೇ. ಬೈಕಿನವನು ಲಕೋಟೆ ತಿರುಗಿಸಿ ನೋಡಿದ.

ಅದರ ಹಿಂದೆ ಚಿಕ್ಕತಾಯಮ್ಮ ತನ್ನ ಕೈಯಾರೆ ಬರೆದ ತನ್ನ ಹೆಸರು. ಹೆಸರಿನ ಪಕ್ಕದಲ್ಲಿ, ಈಗಷ್ಟೇ ಬಿದ್ದ ಒಂದು ಹೆಬ್ಬೆಟ್ಟಿನ ಗುರುತು. ದತ್ತಾತ್ರೇಯ ಹಚ್ಚಿದ ಮಸಿ, ಇನ್ನೂ ಹಸಿಯಾಗಿತ್ತು.

ಅವನು ಅದನ್ನು ಜಾಕೆಟ್ಟಿನೊಳಗೆ ಇಟ್ಟು, ಜಿಪ್ಪು ಎಳೆದು, ಬೈಕು ಎಬ್ಬಿಸಿದ.